ನಾವಿಬ್ಬರೂ ಇದ್ದ ಹೊಲಗಳು

ನನ್ನ ಗಂಡನ ಜೊತೆ ನಾನು ಸಂಸಾರವನ್ನೇ ಮಾಡಿಲ್ಲವೆಂದು ನ್ಯೂಜಿಲೆಂಡಿನ ವೀಸಾ ಕಚೇರಿಯವರು ಬರೆದಿದ್ದರು. ಇಷ್ಟು ಒರಟಾಗಿ ಬರೆದಿರಲಿಲ್ಲ ಅನ್ನಿ, ಮರ್ಯಾದಸ್ಥರು. 'ಮದುವೆಯಾದಂದಿನಿಂದ ಮೂರು ವರ್ಷ ನೀವಿಬ್ಬರೂ ಯಾದಗಿರಿ ಜಿಲ್ಲೆಯ ಕೊಂಕಲ್ ಗ್ರಾಮದ ಮನೆಯಲ್ಲಿ ಒಟ್ಟಿಗೆ ವಾಸವಿದ್ದಿರೆಂದು ತಿಳಿಸಿದ್ದೀರಿ. ಆ ಮನೆಗೆ ನಾವು ಫೋನ್ ಮಾಡಿದಾಗ, ನೀವಿಬ್ಬರೂ ಅಲ್ಲಿ ಇರಲೇ ಇಲ್ಲವೆಂದೂ, ಒಬ್ಬರಿದ್ದ ಕಡೆ ಇನ್ನೊಬ್ಬರು ಇರಲಿಲ್ಲವೆಂದೂ ಉತ್ತರ ಬಂದಿದೆ. ಇಪ್ಪತ್ತೊಂದು ದಿನಗಳ ಒಳಗೆ ಆಧಾರಸಹಿತ ವಿವರಣೆ ಕೊಡತಕ್ಕದ್ದು.' ಅಷ್ಟೇ.

ಇದನ್ನು ಕನ್ನಡಕ್ಕೆ ಮಾಡಿ ಓದಿ ಹೇಳಿದವನು ಶಿವರಾಜ. ಶಹಾಪುರದ ಬಸ್ ಸ್ಟ್ಯಾಂಡಿನ ಎದುರಿಗೆ ಅವನ ಆನ್‌ಲೈನ್ ಅಂಗಡಿ. ಪಹಣಿ, ಪಿಂಚಣಿ, ಪರೀಕ್ಷೆಯ ಅರ್ಜಿ, ಎಲ್ಲವೂ ಅಲ್ಲೇ ಆಗುತ್ತವೆ. ಗಂಡನಿರುವ ದೇಶಕ್ಕೆ ಹೋಗಿ ಅವನ ಜೊತೆ ಇರಲು ಹೆಂಡತಿ ಹಾಕುವ ಪಾರ್ಟನರ್ ವೀಸಾದ ಅರ್ಜಿಯನ್ನು ಅವನು ತುಂಬಿದ್ದು ನನ್ನದೊಂದೇ. ಅದಕ್ಕೇ ಅವನಿಗೂ ಮುಖ ಸಣ್ಣದಾಗಿತ್ತು.

“ತಂಗೆವ್ವ, ಇದು ಹಗರ ಮಾತಲ್ಲ,” ಎಂದ. “ಸರಿಯಾಗಿ ಜವಾಬು ಕೊಡಲಿಲ್ಲಂದ್ರ ಅರ್ಜಿ ತಗದು ಒಗಿತಾರ. ಆಮ್ಯಾಲ ಸುಳ್ಳು ಹೇಳ್ಯಾಳ ಅಂತ ಹೆಸರಿನ ಮುಂದ ಕುಂದರತದ. ಮತ್ತೊಂದು ಸಲ ಹಾಕಿದ್ರೂ ಕಷ್ಟ.”

ನನ್ನ ಗಂಡ ಮಲ್ಲು ನ್ಯೂಜಿಲೆಂಡಿಗೆ ಹೋಗಿ ಒಂದು ವರ್ಷ ನಾಲ್ಕು ತಿಂಗಳಾಗಿತ್ತು. ಅವನು ಅಲ್ಲಿಗೆ ಹೋದದ್ದು ಕಂಪ್ಯೂಟರ್ ಬಡಿಯಲಿಕ್ಕಲ್ಲ, ಕುರಿ ಕಾಯಲಿಕ್ಕೆ. ಕುರಿ ಕಾಯಲು ವಿಮಾನ ಹತ್ತಬೇಕೇ ಎಂದು ಇಡೀ ಕೊಂಕಲ್ ನಕ್ಕಿತ್ತು. ಅವನಿಗೆ ಪಶು ಸಂಗೋಪನೆಯ ಡಿಪ್ಲೊಮಾ ಇತ್ತು, ಜೊತೆಗೆ ಹುಟ್ಟಿದಾಗಿನಿಂದ ಕುರಿಯ ಹಿಂದೆ ತಿರುಗಿದ ಕಾಲು ಇತ್ತು. ಸಂದರ್ಶನ ಫೋನಿನ ವಿಡಿಯೊದಲ್ಲಿ ಆಯಿತು. ಅರ್ಧ ಪ್ರಶ್ನೆಗೆ ಇಂಗ್ಲಿಷಿನಲ್ಲಿ, ಇನ್ನರ್ಧಕ್ಕೆ ಪಕ್ಕದಲ್ಲಿದ್ದ ಟಗರನ್ನೇ ಮಗುಚಿ ಹಾಕಿ ಗೊರಸು ಕತ್ತರಿಸಿ ತೋರಿಸಿ ಉತ್ತರ ಕೊಟ್ಟ. ಕೆಲಸ ಸಿಕ್ಕಿತು. ಹೋಗುವಾಗ ಆರು ತಿಂಗಳಲ್ಲಿ ನಿನ್ನನ್ನು ಕರೆಸಿಕೊಳ್ಳುತ್ತೇನೆ ಎಂದಿದ್ದ. ನಾನು ನಂಬಿದೆ, ಈಗಲೂ ನಂಬುತ್ತೇನೆ. ಅಡ್ಡ ಬಂದದ್ದು ಅವನಲ್ಲ, ಆ ಫೋನು.

ಕೊಂಕಲ್‌ಗೆ ಬಂದಾಗ ನನ್ನ ಅತ್ತೆ ರೇಣಮ್ಮ ಕಟ್ಟೆಯ ಮೇಲೆ ಕೂತು ಕುರಿ ಹಟ್ಟಿಗೆ ಸುತ್ತುವ ಬಲೆಯನ್ನು ಹೊಲಿಯುತ್ತಿದ್ದಳು. ಚಪ್ಪಲಿ ಬಿಡುವ ಮೊದಲೇ ಕೇಳಿದೆ.

“ಅತ್ತಿ, ನಿನಗ ಯಾರರ ಫೋನ್ ಮಾಡಿದ್ರೇನು?”

“ಮಾಡಿದ್ಲು ಒಬ್ಬಾಕಿ. ಹ್ವಾದ ತಿಂಗಳ.”

“ಏನ್ ಕೇಳಿದ್ಲು?”

“ಕಳ್ಳರು ಕೇಳೋದೇ ಕೇಳಿದ್ಲು. ನಿಮ್ಮ ಮಗ ಸೊಸಿ ಎಲ್ಲಿ ಇರ್ತಿದ್ರು, ಎಷ್ಟು ದಿನ ಇರ್ತಿದ್ರು, ಮನ್ಯಾಗ ಯಾರ್ಯಾರು ಅದಾರ ಅಂತ. ಬೆಂಗಳೂರು ಕಡಿ ಮಾತು, ಬೆಲ್ಲದಂಥಾ ದನಿ.”

“ನೀ ಏನಂದಿ?”

“ಇಲ್ಲಿ ಯಾರೂ ಇದ್ದೇ ಇಲ್ಲ ಅಂದೆ. ಅವ ಒಂದ್ ಕಡಿ, ಆಕಿ ಒಂದ್ ಕಡಿ, ನನಗೇನು ಗೊತ್ತು ಅಂತ ಅಂದು ಇಟ್ಟೆ. ಛಲೋ ಹೇಳ್ದೆ ಇಲ್ಲ?”

ಅವಳ ಮುಖದಲ್ಲಿ ಹೆಮ್ಮೆಯಿತ್ತು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಮೊದಲು ಹೊರಬಿದ್ದದ್ದು ಸಿಟ್ಟೇ, ಅದು ನಮ್ಮಪ್ಪನ ಮನೆಯಿಂದ ನಾನು ತಂದ ಬಳುವಳಿ. ಊರು ಕೇಳುವಂತೆ ಕೂಗಾಡಿದೆ. ವೀಸಾ ಕಚೇರಿಯಿಂದ ಫೋನ್ ಬರಬಹುದೆಂದು ಹತ್ತು ಸಲ ಹೇಳಿದ್ದೆನಲ್ಲ ಎಂದೆ. ಹೇಳಿದ್ದು ಹೌದು, ಆದರೆ ಇಂಗ್ಲಿಷ್ ಮಾತಾಡುವ ಸಾಹೇಬ ಮಾಡುತ್ತಾನೆಂದು ಅವಳು ಕಾದಿದ್ದಳಂತೆ. ಕನ್ನಡ ಮಾತಾಡುವ ಹೆಣ್ಣುಮಗಳು ಮಾಡಿದರೆ ಅವಳು ಕಳ್ಳರ ಪೈಕಿಯೇ ಎಂಬುದು ಅವಳ ತೀರ್ಮಾನ.

ಕೂಗಿ ಸುಸ್ತಾದ ಮೇಲೆ ಅವಳದು ತಪ್ಪಲ್ಲವೆಂದು ನನಗೂ ತಿಳಿಯಿತು. ಕುರಿ ಇದ್ದವರು ಹಿಂಡು ಎಲ್ಲಿ ಕೂತಿದೆ, ಜೊತೆಗೆ ಯಾರಿದ್ದಾರೆ ಎಂದು ಗುರುತಿಲ್ಲದವರಿಗೆ ಹೇಳುವುದಿಲ್ಲ. ನಾಲ್ಕು ವರ್ಷದ ಹಿಂದೆ ಹೀಗೇ ಒಬ್ಬಳು ದನದ ದವಾಖಾನೆಯಿಂದ ಮಾತಾಡುತ್ತೇನೆ, ಇಂಜೆಕ್ಷನ್ ಹಾಕಬೇಕು, ಕುರಿ ಎಲ್ಲಿವೆ ಎಂದು ಕೇಳಿದ್ದಳು. ನನ್ನ ಮೈದುನ ದುರಗಪ್ಪ ಸೈದಾಪುರದ ಹತ್ತಿರ ಎಂದು ಹೇಳಿಬಿಟ್ಟ. ಬೆಳಗಾಗುವುದರೊಳಗೆ ಗಾಡಿ ತಂದು ಅರ್ಧ ಹಿಂಡನ್ನೇ ಹೇರಿಕೊಂಡು ಹೋಗಿದ್ದರು. ಅಂದಿನಿಂದ ಅತ್ತೆ ಕುರಿಯ ವಿಷಯದಲ್ಲಿ ದೇವರು ಬಂದು ಕೇಳಿದರೂ ನಿಜ ಹೇಳುವವಳಲ್ಲ.

ಇನ್ನರ್ಧ ತಪ್ಪು ನನ್ನದೇ. ಫಾರ್ಮಿನಲ್ಲಿ 'ಒಟ್ಟಿಗೆ ವಾಸವಿದ್ದ ವಿಳಾಸ' ಎಂದಿತ್ತು. ರೇಷನ್ ಕಾರ್ಡಿನಲ್ಲಿ ಕೊಂಕಲ್, ಆಧಾರಿನಲ್ಲಿ ಕೊಂಕಲ್, ಹಾಗಾಗಿ ನಾನೂ ಕೊಂಕಲ್ ಎಂದು ಬರೆಸಿದೆ. ಯಾವ ಕುರಿಯವಳಾದರೂ ಹಾಗೇ ಬರೆಸುತ್ತಾಳೆ. ಆದರೆ ಕೊಂಕಲ್ ಮನೆಯಲ್ಲಿ ನಾವಿಬ್ಬರೂ ವರ್ಷಕ್ಕೆ ಎರಡು ತಿಂಗಳು ಇದ್ದರೆ ಹೆಚ್ಚು. ಬಿತ್ತನೆಯಾಗಿ ಪೈರು ಏಳುವ ಹೊತ್ತಿಗೆ ನಮ್ಮ ಸುತ್ತಲಿನ ಹೊಲಗಳಲ್ಲಿ ಕುರಿಗೆ ಜಾಗವಿಲ್ಲ. ಹಿಂಡು ಹೊಡೆದುಕೊಂಡು ಹೊರಟರೆ ಬಳಿಚಕ್ರದ ಕಡೆಯ ಗುಡ್ಡ, ಅಲ್ಲಿಂದ ಹೊಳೆ ದಾಟಿ ಶಹಾಪುರ, ಬೇಸಿಗೆಗೆ ಸುರಪುರದ ಕಾಲುವೆ ಕೆಳಗಿನ ಹೊಲಗಳು. ಕೊಯ್ಲಾದ ಹೊಲದಲ್ಲಿ ರೈತ ಕುರಿ ಕೂಡಿಸಿಕೊಳ್ಳುತ್ತಾನೆ. ಹಿಕ್ಕೆ ಗಂಜಳ ಅವನ ಹೊಲಕ್ಕೆ, ಕಾಳುಕಡಿ ನಮಗೆ. ಮೂರು ರಾತ್ರಿ ಒಬ್ಬರ ಹೊಲ, ನಾಲ್ಕು ರಾತ್ರಿ ಇನ್ನೊಬ್ಬರದು. ಬಲೆ ಸುತ್ತಿದ ಹಟ್ಟಿ, ಮೂರು ಕಲ್ಲಿನ ಒಲೆ, ಎರಡು ಕಂಬಳಿ. ನಾನು ಮಲ್ಲುವಿನ ಜೊತೆ ಬಾಳಿದ್ದೆಲ್ಲ ಅಲ್ಲಿ. ಅದಕ್ಕೆ ಪೋಸ್ಟಿನವನು ಬರುವುದಿಲ್ಲ, ಮನೆ ನಂಬರಿಲ್ಲ.

ಫೋಟೊ ಇಲ್ಲವೇ ಎಂದು ಶಿವರಾಜ ಕೇಳಿದ್ದ. ಇದ್ದವು. ಅವನು ತೆಗೆದದ್ದರಲ್ಲಿ ನಾನಿದ್ದೆ, ನಾನು ತೆಗೆದದ್ದರಲ್ಲಿ ಅವನಿದ್ದ. ಹೊಲದ ನಡುವೆ ನಮ್ಮಿಬ್ಬರ ಫೋಟೊವನ್ನು ಟಗರು ತೆಗೆಯಬೇಕಿತ್ತೇ?

ಮರುದಿನ ಶಿವರಾಜನೇ ಒಂದು ದಾರಿ ಹೇಳಿದ. ಶಹಾಪುರದಲ್ಲಿ ಅವನ ದೋಸ್ತನದೊಂದು ಮನೆ ಇದೆ. ನಮ್ಮ ಮದುವೆಯಾದ ವರ್ಷದ ತಾರೀಖು ಹಾಕಿ ಬಾಡಿಗೆ ಪತ್ರ ಮಾಡಿಸಿದರಾಯಿತು. ಗಂಡ ಹೆಂಡತಿ ಅಲ್ಲಿದ್ದರು, ಅತ್ತೆ ವಯಸ್ಸಾದವಳು, ಮರೆತು ಹೇಳಿದಳು ಎಂದು ಬರೆದರೆ ಮುಗಿಯಿತು.

ಮಧ್ಯಾಹ್ನ ಮಲ್ಲು ಫೋನ್ ಮಾಡಿದ. ಅಲ್ಲಿ ಆಗಲೇ ಸಂಜೆ. ಎಲ್ಲ ಕೇಳಿ, “ಮಾಡಿಸಿಬಿಡು ಮಾನಂದಾ,” ಎಂದ. ದಣಿದಿದ್ದ. “ಮಂದಿ ಮಾಡಸ್ತಾರ. ನನಗ ಇಲ್ಲಿ ಒಬ್ಬನಿಗೇ ಇರಾಕ ಆಗವಲ್ದು.”

ನನಗೂ ಒಬ್ಬಳೇ ಇರಲು ಆಗುತ್ತಿರಲಿಲ್ಲ. ಆದರೂ ನನ್ನ ಬಾಯಿಂದ ಬಂದದ್ದು ಬೇರೆ.

“ನಾ ಮಾಡ್ಸಂಗಿಲ್ಲ.”

“ಯಾಕ?”

“ಮೂರು ವರ್ಷ ನಿನ್ನ ಕೂಡ ಮಳಿಯಾಗ, ಚಳಿಯಾಗ ಹೊಲದಾಗ ಮಲಗೀನಿ. ಮುಳ್ಳು ತುಳದೀನಿ. ಅದೆಲ್ಲ ಬಿಟ್ಟು ಯಾರದೋ ಮನ್ಯಾಗ ಫ್ಯಾನಿನ ಕೆಳಗ ಮಲಗಿದ್ದೆ ಅಂತ ಬರಸಲೇನು? ಇದ್ದದ್ದನ್ನೇ ಬರಸ್ತೀನಿ.”

“ಹೊಲಾನ ಯಾರು ನಂಬ್ತಾರ?”

“ಹೊಲದ ಮಾಲಕರು ಹೇಳಿದ್ರ ನಂಬ್ತಾರ.”

ಅದು ನನ್ನ ತಲೆಗೆ ಬಂದದ್ದು ಮಾತಾಡುತ್ತಿದ್ದಾಗಲೇ. ಸತ್ಯವಂತೆಯೆಂದು ಹೊಗಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ನನ್ನ ಸಂಸಾರವನ್ನು ಇಲ್ಲವೆಂದವರ ಮುಂದೆ ಸುಳ್ಳು ಸಂಸಾರವೊಂದನ್ನು ಇಡುವುದು ನನಗೆ ಅವಮಾನ ಅನಿಸಿತು. ಜೊತೆಗೆ ಒಂದು ಸುಳ್ಳನ್ನು ಮುಚ್ಚಲು ಹತ್ತು ಸುಳ್ಳು ಬೇಕು, ಅಷ್ಟನ್ನು ನೆನಪಿಟ್ಟುಕೊಳ್ಳುವ ತಲೆಯೂ ನನಗಿಲ್ಲ.

ಎರಡು ದಿನ ಫೋನಿನಲ್ಲೇ ಕೂತು ನಾವಿಬ್ಬರೂ ಹೊಲಗಳ ಪಟ್ಟಿ ಮಾಡಿದೆವು. ಅವನು ಮೇವಿನಿಂದ ನೆನಪಿಟ್ಟಿದ್ದ, ನಾನು ನೀರಿನ ದೂರದಿಂದ. ಶೇಂಗಾ ಹೊಟ್ಟು ಇದ್ದ ಹೊಲ ಎಂದು ಅವನು ಅಂದರೆ, ಎರಡು ಕೊಡ ಹೊತ್ತು ಏರಿ ಹತ್ತಬೇಕಾಗಿತ್ತಲ್ಲ ಅದೇ ಎಂದು ನಾನು. ಎರಡೂ ಕೂಡಿದರೆ ಊರು, ಮಾಲಕ, ತಿಂಗಳು ಸಿಗುತ್ತಿತ್ತು. ಒಟ್ಟು ಇಪ್ಪತ್ತೇಳು ಹೊಲ ಆದವು. ಪಟ್ಟಿ ಮಾಡುತ್ತ ಮಲ್ಲು ಎರಡು ಸಲ ನಕ್ಕ. ತಿಂಗಳುಗಳ ನಂತರ ಅವನ ನಗು ಕೇಳಿದೆ.

ಹೊರಡುವ ಬೆಳಿಗ್ಗೆ ಅತ್ತೆ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದಳು.

“ನೀ ಎಲ್ಲಿಗಿ?” ಎಂದೆ.

“ನಿನ್ನ ಕೂಡ. ಬಾಯಿಲಿಂದ ಕೆಡಿಸಿದಾಕಿ ನಾ. ಬಾಯಿಲಿಂದೇ ಸರಿ ಮಾಡ್ತೀನಿ.”

ಬಳಿಚಕ್ರದಲ್ಲಿ ಮೂವರು ಮಾಲಕರು ನಾವಿಬ್ಬರೂ ಅವರ ಹೊಲದಲ್ಲಿ ಕೂಡಿ ಇದ್ದೆವೆಂದು ಬರೆದುಕೊಟ್ಟರು. ಒಬ್ಬ, ಇದು ಯಾವುದೋ ಸಾಲಕ್ಕೆ ಜಾಮೀನು ಇರಬೇಕೆಂದು ಹೆದರಿ ಹಿತ್ತಲ ಬಾಗಿಲಿನಿಂದ ಹೊಲಕ್ಕೆ ಹೋದವನು ಸಂಜೆಯಾದರೂ ಬರಲಿಲ್ಲ. ಅತ್ತೆ ಪ್ರತಿ ಮನೆಯಲ್ಲೂ ಕೂತ ಕೂಡಲೇ ಒಂದೇ ಮಾತು ಶುರು ಮಾಡುತ್ತಿದ್ದಳು. “ನಾ ಫೋನಿನ್ಯಾಗ ಸುಳ್ಳು ಹೇಳಿ ಕುಂತೀನಿ ತಮ್ಮಾ. ನೀ ಖರೇ ಹೇಳು. ನನ್ನ ಮಗ ಸೊಸಿ ನಿನ್ನ ಹೊಲದಾಗ ಕೂಡಿ ಇದ್ರೋ ಇಲ್ಲೋ?” ಯಾರ ಮುಂದೆಯೂ ತಲೆ ತಗ್ಗಿಸದವಳು ಹದಿನೆಂಟು ಮನೆಗಳಲ್ಲಿ ಇದನ್ನೇ ಹೇಳಿದಳು.

ಶಹಾಪುರದ ಹತ್ತಿರ ಸುಲ್ತಾನಸಾಬ ಎಂಬ ಮುದುಕ ಕಾಗದ ನೋಡಿದ ಕೂಡಲೇ ಕನ್ನಡಕ ಹಾಕಿಕೊಂಡ.

“ಬರೀತೀನಿ. ಆದ್ರ ಯವ್ವಾ, ಒಂದು ಮಾತು. ನೀ ನನ್ನ ಹೊಲದಾಗ ಗಂಡನ ಮ್ಯಾಲ ಸಿಟ್ಟಾಗಿ ರೊಟ್ಟಿ ಹಂಚು ಎತ್ತಿ ಒಗದಿದ್ದಿ. ನನ್ನ ಎತ್ತು ಬೆದರಿ ಹಗ್ಗ ಹರಕೊಂಡು ಹೋಗಿತ್ತು. ಅದೂ ಬರೀಲೇನು?”

ನಾನು ನೆಲ ನೋಡಿದೆ. ಅತ್ತೆ ನನ್ನನ್ನು ನೋಡಿದಳು, ಹಂಚು ಒಡೆದದ್ದು ಕುರಿ ತುಳಿದು ಎಂದು ನಾವು ಅವಳಿಗೆ ಹೇಳಿದ್ದೆವು.

“ಬರೀರಿ ಕಾಕಾ,” ಎಂದೆ.

“ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ಕೊನಿಗಿ ಹಾಕ್ತೀನಿ. ಹಂಗ ಬಿಟ್ರ ತಪ್ಪು ತಿಳೀತಾರ,” ಎಂದು ಅವನು ಗಂಭೀರವಾಗಿ ಬರೆದ.

ಹನ್ನೆರಡು ದಿನದಲ್ಲಿ ಹದಿನೆಂಟು ಕಾಗದ ಕೂಡಿದವು. ಅವುಗಳನ್ನು ಮೇಜಿನ ಮೇಲೆ ಹರಡಿ ಶಿವರಾಜ ತಲೆ ಕೆರೆದುಕೊಂಡ. ಎಲ್ಲ ಮೂರು ದಿನ, ನಾಲ್ಕು ದಿನ. ಇಷ್ಟು ಓಡಾಡಿದವರು ಜೊತೆಗಿದ್ದರೆಂದು ಹೇಗೆ ನಂಬುತ್ತಾರೆ, ತಿಂಗಳುಗಟ್ಟಲೆ ಒಂದೇ ಕಡೆ ಇದ್ದದ್ದು ಒಂದಾದರೂ ಬೇಕು ಎಂದ. ಅಂಥದ್ದು ಒಂದೇ ಇತ್ತು. ಸುರಪುರದ ಆಚೆ, ಕಾಲುವೆಯ ಕೆಳಗೆ, ಮಹಾದೇವಪ್ಪನ ಹೊಲ. ಮೂರು ಬೇಸಿಗೆಯೂ ನಾವು ಅಲ್ಲೇ ಇದ್ದೆವು, ಪ್ರತಿ ಸಲ ಎರಡು ತಿಂಗಳಿಗೆ ಕಡಿಮೆಯಿಲ್ಲ. ಬೇವಿನ ಮರದ ನೆರಳು, ಬತ್ತದ ಬಾವಿ. ಅತ್ತೆ ಮದುವೆಯಾಗಿ ಬಂದಾಗಿನಿಂದ ನಮ್ಮ ಹಿಂಡು ಬೇಸಿಗೆ ಕಳೆದದ್ದು ಅಲ್ಲಿಯೇ. ಸುಲಭದ್ದೆಂದು ಅದನ್ನು ಕೊನೆಗೆ ಇಟ್ಟುಕೊಂಡಿದ್ದೆ.

ಮಹಾದೇವಪ್ಪನ ಮನೆಯ ನಡುಕೋಣೆಯಲ್ಲಿ ಬುದ್ಧನ ಚಿತ್ರ, ಅದರ ಪಕ್ಕ ಬಾಬಾಸಾಹೇಬರದು. ಹೆಂಡತಿ ಮಾನಮ್ಮ ಚಹಾ ಕೊಟ್ಟು ಅತ್ತೆಯ ಪಕ್ಕ ಕೂತಳು. ಅವರಿಬ್ಬರದೂ ನಲವತ್ತು ವರ್ಷದ ಗೆಳೆತನ. ಮಹಾದೇವಪ್ಪ ನಾನು ಬರೆಸಿಕೊಂಡು ಬಂದದ್ದನ್ನು ಓದಿ, ಮಡಿಸಿ, ನನ್ನ ಕೈಗೇ ಕೊಟ್ಟ.

“ಆಗಂಗಿಲ್ಲ ತಾಯಿ.”

“ಯಾಕ್ರಿ ಕಾಕಾ? ನಾವು ಇದ್ದದ್ದು ಸುಳ್ಳೇನು?”

“ಇದ್ದದ್ದು ಖರೇ. ಖರೇ ಅಂತನೇ ಹೆದರಿಕಿ.” ಅವನು ಗೋಡೆಗೆ ಒರಗಿ ಕೂತ. “ಈ ಹೊಲ ನಮಗ ಹ್ಯಾಂಗ ಬಂತು ಗೊತ್ತದ ಏನು? ನಮ್ಮಪ್ಪ ಗೌಡರ ಹೊಲದಾಗ ಗೇಣಿ ಮಾಡ್ತಿದ್ದ. ಗೇಣಿದಾರಗ ಹೊಲ ಅಂತ ಕಾನೂನು ಬಂತು. ಇಂವ ಇಲ್ಲಿ ಗುಡಸಲ ಹಾಕ್ಯಾನ, ಹೆಂಡತಿ ಕೂಡ ಇಲ್ಲೇ ಅದಾನ ಅಂತ ನಾಕು ಮಂದಿ ಬರದು ದಸ್ಕತ್ ಮಾಡಿದ್ರು. ಆ ನಾಕು ದಸ್ಕತ್ ಮ್ಯಾಲೆ ಹೊಲ ನಮ್ಮದಾತು. ಗೌಡರು ಬಡಿಸ್ಯಾರ, ಬಾವಿ ನೀರು ಬಂದ್ ಮಾಡಿಸ್ಯಾರ. ಅಪ್ಪ ಬಿಡಲಿಲ್ಲ. ಸಾಯೋವಾಗ ಒಂದೇ ಮಾತು ಹೇಳ್ದ. ಈ ಹೊಲದಾಗ ಇನ್ನೊಬ್ಬರು ಇದ್ರು ಅಂತ ಎಂದೂ ಬರದು ಕೊಡಬ್ಯಾಡ, ನಾವು ತಗೊಂಡ ದಾರಿ ಅದು, ಹೋಗೋ ದಾರೀನೂ ಅದೇ ಅಂತ.”

“ನಮಗ ನಿಮ್ಮ ಹೊಲ ಬ್ಯಾಡ್ರಿ. ನಾ ದೇಶಾನೇ ಬಿಟ್ಟು ಹೊಂಟೀನಿ.”

“ನೀ ಬ್ಯಾಡ ಅಂತಿ. ಕಾಗದ ಇರ್ತದ. ನಾಳಿ ಯಾರ ಕೈಗಿ ಸಿಗತದೋ, ನನ್ನ ಮಕ್ಕಳ ಮ್ಯಾಲೆ ಯಾರು ತರ್ತಾರೋ.”

ಬಸ್ಸಿನಲ್ಲಿ ಬರುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಬಯ್ಯೋಣವೆಂದರೆ ಅವನಲ್ಲಿ ತಪ್ಪಿರಲಿಲ್ಲ, ಅದಕ್ಕೇ ಇನ್ನೂ ಉರಿಯಿತು. ಒಂದು ಕಾಗದದ ಮೇಲೆ ಬದುಕು ಕಟ್ಟಿಕೊಂಡವನಿಗೆ ಕಾಗದದ ಬಲ ಗೊತ್ತಿತ್ತು. ನನಗೂ ಈಗೀಗ ಗೊತ್ತಾಗುತ್ತಿತ್ತು. ಅತ್ತೆ ಸುರಪುರದಿಂದ ಶಹಾಪುರದವರೆಗೂ ಕಿಟಕಿಯ ಆಚೆಯ ಹೊಲಗಳನ್ನೇ ನೋಡುತ್ತ ಕೂತಿದ್ದಳು. ಉತ್ತರ ಕೊಡಲು ಆರು ದಿನ ಉಳಿದಿದ್ದವು.

ಶಹಾಪುರದಲ್ಲಿ ಇಳಿದು ನೇರ ಶಿವರಾಜನ ಅಂಗಡಿಗೆ ಹೋದೆ. ಇನ್ನೊಂದು ಕಾಗದ ಟೈಪ್ ಮಾಡು ಎಂದೆ. ಅವನು ನನ್ನ ಮುಖ ನೋಡಿ ಕೀಲಿಮಣೆ ಎಳೆದುಕೊಂಡ. ನಾನು ಹೇಳುತ್ತ ಹೋದೆ, ಅವನು ಬಡಿಯುತ್ತ ಹೋದ.

ಮರುದಿನ ಬೆಳಿಗ್ಗೆ ಮಹಾದೇವಪ್ಪನ ಮುಂದೆ ಅದನ್ನು ನಾನೇ ಓದಿದೆ. 'ಕೊಂಕಲ್ ಗ್ರಾಮದ ಮಹಾನಂದಾ ಆದ ನಾನು ಬರೆದುಕೊಡುವುದೇನೆಂದರೆ, ಮಹಾದೇವಪ್ಪನವರ ಹೊಲದಲ್ಲಿ ನಾನೂ ನನ್ನ ಗಂಡನೂ ಮೂರು ಬೇಸಿಗೆ ಇದ್ದದ್ದು ಅವರ ಒಪ್ಪಿಗೆಯಿಂದ. ಆ ಹೊಲದಲ್ಲಿ ನನಗಾಗಲಿ, ನನ್ನ ಗಂಡನಿಗಾಗಲಿ, ಮುಂದೆ ಹುಟ್ಟುವ ನನ್ನ ಮಕ್ಕಳಿಗಾಗಲಿ ಒಂದು ಹಿಡಿ ಮಣ್ಣಿನ ಹಕ್ಕೂ ಇಲ್ಲ. ಬೇವಿನ ಮರದಲ್ಲಿಲ್ಲ, ಬಾವಿಯಲ್ಲಿಲ್ಲ, ನೆರಳಿನಲ್ಲೂ ಇಲ್ಲ.' ನೆರಳನ್ನು ಶಿವರಾಜ ಬೇಡವೆಂದಿದ್ದ, ನಾನೇ ಹಟ ಮಾಡಿ ಹಾಕಿಸಿದ್ದೆ.

ನಾನು ಗಂಡನ ಜೊತೆ ಬಾಳಿದ್ದೇನೆಂದು ತೋರಿಸಬೇಕಾದರೆ, ಬಾಳಿದ ಜಾಗ ನನ್ನದಲ್ಲವೆಂದು ಬರೆಯಬೇಕಾಗಿತ್ತು. ಅದು ನನ್ನದಲ್ಲವೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಬರೆದು ಕೆಳಗೆ ಹೆಸರು ಹಾಕುವಾಗ ನೋವಾಯಿತು.

ಮಹಾದೇವಪ್ಪ ಕಾಗದ ತೆಗೆದುಕೊಂಡು ತಾನೇ ಎರಡು ಸಲ ಓದಿದ.

“ನೀ ಬರದದ್ದು ಛಲೋ ಆಗ್ಯದ. ಆದ್ರ ನೀ ಹೋಗಾಕಿ. ಹಿಂಡು ಯಾರದು?”

“ನಂದು,” ಎಂದಳು ಅತ್ತೆ.

“ಹಂಗಾರ ನಿನ್ನ ಹೆಬ್ಬಟ್ಟೂ ಬೇಕು ತಂಗಿ. ಮತ್ತೊಂದು...” ಅವನಿಗೆ ಹೇಳಲು ಕಷ್ಟವಾಯಿತು. ಮಾನಮ್ಮನ ಕಡೆ ನೋಡಿದ, ಮಾನಮ್ಮ ಸೆರಗು ಬಾಯಿಗೆ ಹಿಡಿದು ಬೇರೆ ಕಡೆ ನೋಡಿದಳು. “ಇಲ್ಲೀತನ ಬಾಯಿ ಮಾತಿನ ಮ್ಯಾಲ ನಡೀತು. ಇನ್ನ ಇಲ್ಲಿದ್ರು ಅಂತ ನಾ ಬರದು ಕೊಟ್ಟ ಮ್ಯಾಲೂ ವರ್ಷಾ ವರ್ಷಾ ಹಿಂಡು ಬಂದು ಕುಂತ್ರ, ಆ ಕಾಗದಕ್ಕ ಜೀವ ಬರ್ತದ. ಈ ವರ್ಷದಿಂದ ಕುರಿ ಈ ಕಡಿ ತರಬಾರದು. ಸಿಟ್ಟಿಲೆ ಹೇಳಾಕತ್ತಿಲ್ಲ.”

ನಾನು ಎದ್ದು ನಿಂತೆ. ಬೇಸಿಗೆ ತಲೆಯ ಮೇಲೆ ಬಂದಿತ್ತು. ಆ ಬಾವಿಯಿಲ್ಲದೆ ಹಿಂಡು ಎಲ್ಲಿಗೆ ಹೋಗಬೇಕು?

“ಬ್ಯಾಡ ಅತ್ತಿ, ನಡಿ. ಬ್ಯಾರೆ ಏನರ ಮಾಡೋಣ.”

ಅತ್ತೆ ಏಳಲಿಲ್ಲ. “ಕುಂದ್ರು,” ಎಂದಳು. ಆಮೇಲೆ ನನ್ನ ಚೀಲದಲ್ಲಿದ್ದ ಮಸಿಯ ಡಬ್ಬಿಯನ್ನು ತಾನೇ ತೆಗೆದು, ಮುಚ್ಚಳ ಬಿಚ್ಚಿ, ಹೆಬ್ಬೆರಳನ್ನು ಒತ್ತಿದಳು. “ಎಲ್ಲಿ ಹಚ್ಚಬೇಕು ತೋರ್ಸು ಮಾದೇವಣ್ಣ.”

“ಇನ್ನೊಂದಿನ ವಿಚಾರ ಮಾಡು ತಂಗಿ.”

“ವಿಚಾರ ನಿನ್ನೆ ಬಸ್ಸಿನ್ಯಾಗೇ ಮಾಡೀನಿ. ಕುರಿಗಿ ನಾಕು ಕಾಲು ಅದಾವ, ಇನ್ನೊಂದು ಹೊಲಕ್ಕ ನಡೀತಾವ. ಇಕಿ ನಡಕೊಂಡು ಹೋಗೋ ದೂರ ಅಲ್ಲ ಅದು.”

ಹೆಬ್ಬಟ್ಟು ಬಿತ್ತು. ಮಹಾದೇವಪ್ಪ ಆ ಕಾಗದವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ. ಆಮೇಲೆ, ಅವನು ಸಹಿ ಹಾಕಲೆಂದು ನಾನು ಹಿಂದಿನ ದಿನ ತಂದಿದ್ದ ಟೈಪ್ ಕಾಗದವನ್ನು ಬದಿಗೆ ಸರಿಸಿ, ಬಿಳಿ ಹಾಳೆ ತೆಗೆದು ತನ್ನ ಕೈಯಾರೆ ಬರೆಯತೊಡಗಿದ. ಎರಡು ಪುಟ ಬರೆದ. ಮೂರು ಬೇಸಿಗೆಯ ತಿಂಗಳುಗಳನ್ನು ಬರೆದ. ಎರಡನೆಯ ಬೇಸಿಗೆಯಲ್ಲಿ ಈ ಹೆಣ್ಣುಮಗಳಿಗೆ ಹನ್ನೊಂದು ದಿನ ಜ್ವರ ಬಂದಿತ್ತು, ಗಂಡನು ಅವಳನ್ನು ಎತ್ತಿ ಕೂಡಿಸಿ ಗಂಜಿ ಕುಡಿಸಿದ್ದನ್ನು ನನ್ನ ಹೆಂಡತಿ ಕಣ್ಣಾರೆ ಕಂಡಿದ್ದಾಳೆ ಎಂದು ಬರೆದ. ಆ ದಿನಗಳಲ್ಲಿ ಗಂಡನೇ ರೊಟ್ಟಿ ಬಡಿದನು, ರೊಟ್ಟಿ ಚೆನ್ನಾಗಿರಲಿಲ್ಲ, ನಮ್ಮ ಮನೆಯಿಂದ ಕಳಿಸುತ್ತೇವೆಂದರೂ ಕೇಳಲಿಲ್ಲ ಎಂದೂ ಬರೆದ. ನಾನು ಅದನ್ನು ಓದಿ ಅಲ್ಲಿಯೇ ಕೂತು ಅತ್ತುಬಿಟ್ಟೆ. ಹಿಂಡಿಗೆ ಬಾಗಿಲು ಹಾಕಿದ ಮನುಷ್ಯನೇ ನನ್ನ ಸಂಸಾರಕ್ಕೆ ಎಲ್ಲರಿಗಿಂತ ದೊಡ್ಡ ಸಾಕ್ಷಿಯಾಗಿದ್ದ.

ಮರುದಿನ ಮಧ್ಯಾಹ್ನ ಮಲ್ಲುವಿಗೆ ಹೇಳಿದೆ. “ಅವ್ವ ಏನಂದ್ಲು?” ಎಂದು ಕೇಳಿದ. ಕುರಿಗೆ ನಾಲ್ಕು ಕಾಲಿವೆ ಎಂದಳು ಎಂದೆ. ಹಾಗಾದರೆ ಈ ಬೇಸಿಗೆಗೆ ಹಿಂಡು ಎಲ್ಲಿಗೆ ಎಂದು ಅವನು ಕೇಳಿದ.

ಹತ್ತೊಂಬತ್ತು ಕಾಗದಗಳನ್ನೂ ಇಂಗ್ಲಿಷಿಗೆ ಮಾಡಿಸಿ, ಕುರಿ ಕೂಡಿಸುವುದೆಂದರೆ ಏನು, ಅತ್ತೆ ಫೋನಿನಲ್ಲಿ ಹಾಗೆ ಯಾಕೆ ಹೇಳಿದಳು, ನಾನು ಒಂದೇ ವಿಳಾಸ ಯಾಕೆ ಬರೆದೆ ಎಂದು ನಾಲ್ಕು ಪುಟ ಬರೆಸಿ, ಕೊನೆಯ ದಿನಕ್ಕೆ ಎರಡು ದಿನ ಮುಂಚೆ ಕಳಿಸಿದೆವು. ಹಂಚು ಒಗೆದದ್ದನ್ನು ತೆಗೆಯೋಣವೇ ಎಂದು ಶಿವರಾಜ ಕೊನೆಯವರೆಗೂ ಕೇಳಿದ. ಇರಲಿ ಎಂದೆ. ಜೊತೆಗಿಲ್ಲದವರ ಮೇಲೆ ಯಾರಾದರೂ ಹಂಚು ಒಗೆಯುತ್ತಾರೆಯೇ?

ವೀಸಾ ಬಂದದ್ದು ಯುಗಾದಿ ಕಳೆದು ಹದಿನೆಂಟನೆಯ ದಿನ. ಶಿವರಾಜ ಫೋನಿನಲ್ಲೇ ಕೂಗಿದ. ಅಂಗಡಿಗೆ ಬಂದವರಿಗೆಲ್ಲ ಅವನೇ ಚಹಾ ಹಂಚಿದನಂತೆ. ನಾನು ಕೊಂಕಲ್‌ನಲ್ಲಿ ಇರಲಿಲ್ಲ, ಅತ್ತೆ ಮತ್ತು ದುರಗಪ್ಪನ ಜೊತೆ ಹಿಂಡಿನಲ್ಲಿದ್ದೆ.

ಅಷ್ಟು ಹೊತ್ತಿಗೆ ನಾವು ಐದು ಕಡೆ ಕೇಳಿ ಐದೂ ಕಡೆ ಇಲ್ಲ ಅನ್ನಿಸಿಕೊಂಡಿದ್ದೆವು. ಕಾಲುವೆ ಕೆಳಗಿನ ಹೊಲಗಳಿಗೆ ಆಗಲೇ ಬೇರೆ ಹಿಂಡುಗಳು ಬಂದು ಕೂತಿದ್ದವು. ಹೊಳೆಯ ದಂಡೆಯ ಕಡೆ ಹೊರಟಿದ್ದೆವು, ಅಲ್ಲಿ ನೀರಿದೆ, ಮೇವು ಹೇಗೋ ಗೊತ್ತಿಲ್ಲ. ಅತ್ತೆಯ ಹಿಮ್ಮಡಿ ಒಡೆದು ಬಟ್ಟೆ ಸುತ್ತಿಕೊಂಡಿದ್ದಳು. ಮಲ್ಲು ಟಿಕೆಟ್ ತೆಗೆಸುತ್ತೇನೆ, ಯಾವ ದಿನ ಹೇಳು ಎಂದು ಎರಡು ಸಲ ಫೋನ್ ಮಾಡಿದ್ದ. ನಾನು ಹೇಳಿರಲಿಲ್ಲ.

ರಸ್ತೆಯ ಬದಿಯ ಜಾಲಿ ಗಿಡದ ಕೆಳಗೆ ಬುತ್ತಿ ಬಿಚ್ಚಿದಾಗ ಅತ್ತೆಗೆ ಹೇಳಿದೆ.

“ಅತ್ತಿ, ವೀಸಾಕ್ಕ ಟೈಮ್ ಅದ. ಮಳಿ ಬೀಳೋ ತನಕ ನಾ ಇಲ್ಲೇ ಇರ್ತೀನಿ. ನಿಮಗೊಂದು ಹೊಲ ಸಿಗಲಿ, ಆಮ್ಯಾಲ ಹೋಗ್ತೀನಿ. ನನ್ನ ಸಲುವಾಗಿ ಹೊಲ ಕಳಕೊಂಡು...”

ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು. ನಾನು ಕೂಗಾಡಿದ ದಿನವೂ ಅವಳ ಮುಖ ಅಷ್ಟು ಬಿಗಿದಿರಲಿಲ್ಲ.

“ನನ್ನ ಮಗ ಸೊಸಿ ಒಂದಿನ ಬಿಟ್ಟು ಇದ್ದಾವರಲ್ಲ ಅಂತ ಊರೂರಿಗಿ ಹೋಗಿ, ಮಂದಿ ಮನ್ಯಾಗ ಕುಂತು ಹೇಳಿ ಬಂದೀನಿ. ಹೆಬ್ಬಟ್ಟು ಹಚ್ಚಿ ಬಂದೀನಿ,” ಎಂದಳು. “ನೀ ಇಲ್ಲೇ ಕುಂತ್ರ ಆ ಮಾತೆಲ್ಲ ಸುಳ್ಳಾಗತದ. ಒಂದು ಸಲ ಸುಳ್ಳು ಹೇಳೀನಿ, ಸಾಕು. ಮತ್ತೊಂದು ಸಲ ನನ್ನ ಬಾಯಿ ಸುಳ್ಳು ಮಾಡಬ್ಯಾಡ. ಉಣ್ಣು, ಉಂಡು ಅವನಿಗಿ ತಾರೀಖು ಹೇಳು.”